ಮೊಬೈಲ್‌ನೊಳಗಿನ ಅಮಾನತ್: ಮರಣದ ಬಳಿಕ ಯಾರ ಕೈಗೆ?

ನಮ್ಮ ನೆರೆಯ ಜಮಾಅತೊಂದರ ಖಜಾಂಚಿ ಹೃದಯಾಘಾತದಿಂದ ಒಂದೇ ರಾತ್ರಿಯಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಎಲ್ಲರೂ ಕಣ್ಣು ಮುಚ್ಚಿ ನಂಬುತ್ತಿದ್ದ ವ್ಯಕ್ತಿ ಅವರು. ಮಸೀದಿಯ ಮಾಡು ರಿಪೇರಿಯ ಚಂದಾ, ರಮಝಾನಿನ ಇಫ್ತಾರ್ ಹಣ, ಬಡ ಹುಡುಗಿಯೊಬ್ಬಳ ಮದುವೆಗೆಂದು ಕೂಡಿಸಿದ ಮೊತ್ತ, ಎಲ್ಲವೂ ಅವರ ಸ್ವಂತ ಮೊಬೈಲ್ ನಂಬರಿಗೇ ಬರುತ್ತಿತ್ತು. ಮಸೀದಿಯ ಬಾಗಿಲಲ್ಲಿ ಅಂಟಿಸಿದ್ದ ಕ್ಯೂಆರ್ ಕೋಡ್ ಕೂಡ ಅವರದ್ದೇ.

ದಫನ ಮುಗಿದು ಒಂದು ವಾರವಾದ ಮೇಲೆ ಜಮಾಅತ್‌ನವರು ಸಂಕೋಚದಿಂದಲೇ ಆ ಮನೆಗೆ ಹೋದರು. ಖಾತೆಯಲ್ಲಿ ಹಣವಿತ್ತು. ಅದರಲ್ಲಿ ಮಸೀದಿಯದ್ದೆಷ್ಟು, ಮದುವೆಯದ್ದೆಷ್ಟು, ಅವರ ಅಂಗಡಿಯದ್ದೆಷ್ಟು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಲೆಕ್ಕವೆಲ್ಲ ವಾಟ್ಸ್ಯಾಪ್‌ನಲ್ಲಿತ್ತು. ಫೋನ್ ಲಾಕ್ ಆಗಿತ್ತು. ಲಾಕ್ ತೆಗೆಯುವ ಸಂಖ್ಯೆ ಅವರೊಬ್ಬರಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಯ್ಯಿತ್‌ನ ಬೆರಳನ್ನು ಫೋನಿಗೆ ಒತ್ತಿ ನೋಡಿದವರೂ ಇದ್ದರಂತೆ. ಫೋನ್ ಒಮ್ಮೆ ಆಫ್ ಆಗಿ ಆನ್ ಆದರೆ ಬೆರಳನ್ನು ಒಪ್ಪುವುದಿಲ್ಲ, ಸಂಖ್ಯೆಯನ್ನೇ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಯ್ಯಿತ್‌ಗೆ ನಾವು ಕೊಡಬೇಕಾದ ಗೌರವಕ್ಕೆ ಅದು ಸಲ್ಲುವ ಕೆಲಸವಲ್ಲ.

ಮುಂದಿನ ಜುಮಾದಲ್ಲಿ ಅಲ್ಲಿನ ಖತೀಬರು ಹಿಜ್ರತ್‌ನ ರಾತ್ರಿಯನ್ನು ನೆನಪಿಸಿದರು. ಮಕ್ಕಾದ ಶತ್ರುಗಳು ಪ್ರವಾದಿವರ್ಯರನ್ನು(ಸ) ಕೊಲ್ಲಲು ಹೊಂಚು ಹಾಕಿದ್ದರು. ಆದರೂ ಅದೇ ಊರಿನ ಜನರು ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಟ್ಟಿದ್ದರು. ಮದೀನಾಕ್ಕೆ ಹೊರಡುವಾಗ ಪ್ರವಾದಿವರ್ಯರು(ಸ) ಹಝ್ರತ್ ಅಲಿಯವರನ್ನು(ರ) ಹಿಂದೆ ಬಿಟ್ಟುಹೋದರು. ಆ ಅಮಾನತ್‌ಗಳನ್ನು ಅವುಗಳ ಒಡೆಯರಿಗೆ ಮರಳಿಸುವ ಹೊಣೆಯನ್ನು ಅವರಿಗೆ ವಹಿಸಿದ್ದರು. ಯಾವ ವಸ್ತು ಯಾರದ್ದೆಂದು ತಿಳಿದವರೊಬ್ಬರು ಹಿಂದೆ ಉಳಿದಿದ್ದರಿಂದಲೇ ಆ ಕೆಲಸ ಪೂರ್ತಿಯಾಯಿತು.

ನಮ್ಮ ವಿಷಯದಲ್ಲಿ ಹಾಗೆ ತಿಳಿದವರು ಯಾರು? ಹೆಂಡತಿಗೆ ಗಂಡನ ಬ್ಯಾಂಕ್ ಎಷ್ಟೆಂದು ಗೊತ್ತಿಲ್ಲ. ಮಗನಿಗೆ ತಂದೆಯ ಸಾಲ ಗೊತ್ತಿಲ್ಲ. ಹಿಂದೆ ಕಬ್ಬಿಣದ ಪೆಟ್ಟಿಗೆಯಲ್ಲಿ ಪಾಸ್‌ಬುಕ್, ಕ್ರಯಪತ್ರ, ಎಲ್‌ಐಸಿ ಬಾಂಡ್, ಬೀಡಿ ಲೆಕ್ಕದ ಪುಸ್ತಕ ಇರುತ್ತಿತ್ತು. ಬೀಗ ಒಡೆದರೆ ಎಲ್ಲವೂ ಸಿಗುತ್ತಿತ್ತು. ಈಗ ಆ ಪೆಟ್ಟಿಗೆಯ ಜಾಗದಲ್ಲಿ ಫೋನ್ ಇದೆ, ಅದನ್ನು ಒಡೆದರೆ ಏನೂ ಸಿಗದು. ಐಫೋನ್‌ನಲ್ಲಿ ಒಂದು ಸೆಟ್ಟಿಂಗ್ ಆನ್ ಮಾಡಿದ್ದರೆ ಸಂಖ್ಯೆ 10 ಸಲ ತಪ್ಪಾದಾಗ ಎಲ್ಲವೂ ಅಳಿಸಿಹೋಗುತ್ತದೆ. ಆದ್ದರಿಂದ ಮೃತರ ಫೋನ್ ಕೈಗೆ ಬಂದಾಗ ಊಹೆಯ ಮೇಲೆ ಸಂಖ್ಯೆ ಒತ್ತಿ ನೋಡುವುದನ್ನು ಮೊದಲು ನಿಲ್ಲಿಸಬೇಕು.

ಉಸಿರು ನಿಂತ ಕ್ಷಣದಿಂದ ಸೊತ್ತು ಯಾರದ್ದು?

ಶರೀಅತ್ ಇಲ್ಲಿ ಬಹಳ ಸ್ಪಷ್ಟವಾಗಿದೆ. ಮನುಷ್ಯನು ಮರಣ ಹೊಂದಿದ ಕ್ಷಣದಲ್ಲಿ ಅವನ ಸೊತ್ತಿನ ಮೇಲೆ ನಾಲ್ಕು ಹಕ್ಕುಗಳು ಒಂದರ ನಂತರ ಒಂದರಂತೆ ಬಂದು ನಿಲ್ಲುತ್ತವೆ. ಮೊದಲು ಕಫನ್ ಮತ್ತು ದಫನದ ಖರ್ಚು, ಅದೂ ಮಿತವಾದದ್ದು. ಆಮೇಲೆ ಸಾಲ. ಆಮೇಲೆ ವಸಿಯ್ಯತ್. ಉಳಿದದ್ದು ವಾರೀಸುದಾರರಿಗೆ. ಸೂರಾ ಅನ್ನಿಸಾದ 11 ಮತ್ತು 12ನೆಯ ಸೂಕ್ತಗಳು ವಾರೀಸುದಾರರ ಪಾಲುಗಳನ್ನು ಹೇಳುವಾಗ, ಅವೆಲ್ಲ ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕವೇ ಎಂದು ಮತ್ತೆ ಮತ್ತೆ ನೆನಪಿಸುತ್ತವೆ. ಆ ಸೂಕ್ತಗಳಲ್ಲಿ ವಸಿಯ್ಯತ್ ಎಂಬ ಪದ ಮೊದಲು ಬಂದಿದ್ದರೂ ತೀರಿಸುವಾಗ ಸಾಲವೇ ಮೊದಲು ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ತಂದೆ ತೀರಿದ ರಾತ್ರಿ, ಅವರ ಯುಪಿಐ ಪಿನ್ ಗೊತ್ತಿರುವ ಮಗ 50 ಸಾವಿರ ರೂಪಾಯಿಯನ್ನು ತನ್ನ ಖಾತೆಗೆ ಹಾಕಿಕೊಂಡರೆ? ಬಹಳ ಮನೆಗಳಲ್ಲಿ ನಡೆಯುವುದು ಇದೇ. ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ, ಆಂಬುಲೆನ್ಸ್‌ಗೆ, ಬಂದವರ ಊಟಕ್ಕೆ ಎಂದು ತೆಗೆಯುತ್ತಾರೆ. ಆದರೆ ಆ ಹಣ ಆಗಲೇ ತಂದೆಯದ್ದಲ್ಲ, ಮಗನೊಬ್ಬನದ್ದೂ ಅಲ್ಲ. ಅದರಲ್ಲಿ ಸಾಲ ಕೊಟ್ಟವರ ಹಕ್ಕಿದೆ, ತಾಯಿಯ, ಅಜ್ಜಿಯ, ಸಹೋದರಿಯರ ಪಾಲಿದೆ. ಅವರಲ್ಲಿ ಯಾರಾದರೂ ಅಪ್ರಾಪ್ತರಿದ್ದರೆ ಅದು ಯತೀಮರ ಹಣ. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರ ಬಗ್ಗೆ ಕುರ್‌ಆನ್ ಕೊಟ್ಟಿರುವ ಎಚ್ಚರಿಕೆ ಅದೇ ಸೂರಾದ 10ನೆಯ ಸೂಕ್ತದಲ್ಲಿದೆ, ಓದಿ ನೋಡಿ. ದಫನದ ನಿಜವಾದ ಖರ್ಚನ್ನು ಮನೆಯವರು ತಮ್ಮ ಕೈಯಿಂದ ಮಾಡಿ, ಬರೆದಿಟ್ಟು, ಬಳಿಕ ಮೃತರ ಸೊತ್ತಿನಿಂದ ಪಡೆಯಬಹುದು. ನಲವತ್ತರ ಊಟ ಆ ಲೆಕ್ಕದಲ್ಲಿ ಬರುವುದಿಲ್ಲ.

ದೇಶದ ಕಾನೂನಿನ ಮಾತೂ ಇಲ್ಲಿ ಬೇರೆಯಿಲ್ಲ. ಒಬ್ಬನು ಇನ್ನೊಬ್ಬನಿಗೆ ಕೊಟ್ಟ ಅಧಿಕಾರ ಕೊಟ್ಟವನ ಮರಣದೊಂದಿಗೆ ಮುಗಿಯುತ್ತದೆ. ಬದುಕಿದ್ದಾಗ "ನನ್ನ ಫೋನಿಂದ ಹಾಕು ಮಗಾ" ಎಂದು ತಂದೆ ಹೇಳಿದ್ದು ಅವರ ನಂತರಕ್ಕೆ ಅನುಮತಿಯಾಗದು. ಮತ್ತೊಬ್ಬರ ಪಾಸ್‌ವರ್ಡ್ ಅನ್ನು ಅಪ್ರಾಮಾಣಿಕವಾಗಿ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. ಸಹೋದರರ ನಡುವೆ ಮನಸ್ತಾಪ ಹುಟ್ಟಿದ ದಿನ ಈ ಕಲಮು ಪೊಲೀಸ್ ಠಾಣೆಯಲ್ಲಿ ಹೊರಬರುತ್ತದೆ. ಸರಿಯಾದ ದಾರಿಯೆಂದರೆ ಮರಣ ಪ್ರಮಾಣಪತ್ರ ಸಿಕ್ಕಿದ ಕೂಡಲೇ ಬ್ಯಾಂಕಿಗೆ ತಿಳಿಸುವುದು. ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತದೆ ಎಂದು ಹೆದರಿ ಮುಚ್ಚಿಡುವವರಿದ್ದಾರೆ. ತಡೆಹಿಡಿಯುವುದು ಎಲ್ಲ ವಾರೀಸುದಾರರ ರಕ್ಷಣೆಗೇ. ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ಕಂತು, ಚಂದಾ, ಆಪ್‌ಗಳ ಶುಲ್ಕವೂ ಆಗ ನಿಲ್ಲುತ್ತದೆ.

ನಾಮಿನಿ ಎಂದರೆ ಒಡೆಯನಲ್ಲ

ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಜಗಳ ತಂದಿರುವುದು ಈ ತಪ್ಪು ತಿಳುವಳಿಕೆ. "ನನ್ನ ಹೆಸರು ನಾಮಿನಿಯಾಗಿ ಇದೆ, ಹಣ ನನ್ನದು" ಎನ್ನುತ್ತಾರೆ. ಬ್ಯಾಂಕಿನ ಮಟ್ಟಿಗೆ ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳಲು ಗೊತ್ತುಪಡಿಸಿದ ಕೈ, ಅಷ್ಟೇ. ನಾಮಿನಿಗೆ ಕೊಟ್ಟ ಮೇಲೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ನಾಮಿನಿಯ ಜವಾಬ್ದಾರಿ ಆಗ ಶುರುವಾಯಿತು. ಜೀವವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲೇ ಸರಬತಿ ದೇವಿ ಪ್ರಕರಣದಲ್ಲಿ ಹೀಗೆ ಹೇಳಿತು. ಷೇರು ಮತ್ತು ಡಿಮ್ಯಾಟ್ ಖಾತೆಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಅದನ್ನೇ ಖಚಿತಪಡಿಸಿತು. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಹೆತ್ತವರು, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೆ ಹೆಚ್ಚಿನ ಹಕ್ಕಿನ ಮಾತು ಸೇರಿದೆ. ಇದರ ಅರ್ಥದ ಬಗ್ಗೆ ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ. ಆದರೆ ಅಲ್ಲಾಹನ ಮುಂದೆ ನಿಲ್ಲಬೇಕಾದ ನಮಗೆ ಪಾಲುಗಳು ಸೂರಾ ಅನ್ನಿಸಾದಲ್ಲಿ ನಿಗದಿಯಾಗಿವೆ. ವಿಮಾ ಕಂಪೆನಿಯ ಫಾರ್ಮಿನಲ್ಲಿ ಅವು ಬದಲಾಗುವುದಿಲ್ಲ.

ಒಂದು ಉದಾಹರಣೆ. ಯುವಕನೊಬ್ಬ ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದಾಗ ಖಾತೆ ತೆರೆದು ತಮ್ಮನನ್ನು ನಾಮಿನಿ ಮಾಡಿದ. ಮದುವೆಯಾಯಿತು, ಮಕ್ಕಳಾದವು, ನಾಮಿನಿ ಬದಲಾಗಲಿಲ್ಲ. ಇಪ್ಪತ್ತು ವರ್ಷದ ಬಳಿಕ ಆತ ತೀರಿಕೊಂಡಾಗ ಸಾಲವೆಲ್ಲ ಕಳೆದು ಖಾತೆಯಲ್ಲಿ 9,60,000 ರೂಪಾಯಿ ಇದೆ. ತಂದೆ ಮೊದಲೇ ತೀರಿದ್ದಾರೆ. ಹೆಂಡತಿ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬ್ಯಾಂಕ್ ಇಡೀ ಮೊತ್ತವನ್ನು ತಮ್ಮನಿಗೆ ಕೊಡುತ್ತದೆ, ಅದು ಬ್ಯಾಂಕಿನ ತಪ್ಪಲ್ಲ. ಆದರೆ ಮೃತನಿಗೆ ಮಗನಿರುವಾಗ ತಮ್ಮನಿಗೆ ಒಂದು ರೂಪಾಯಿಯ ಪಾಲೂ ಇಲ್ಲ. ಹೆಂಡತಿಗೆ ಎಂಟನೇ ಒಂದು ಭಾಗ, 1,20,000. ತಾಯಿಗೆ ಆರನೇ ಒಂದು ಭಾಗ, 1,60,000. ಉಳಿದ 6,80,000ದಲ್ಲಿ ಮಗನಿಗೆ 3,40,000, ಹೆಣ್ಣುಮಕ್ಕಳಿಗೆ ತಲಾ 1,70,000. ತಮ್ಮ ಆ ಹಣವನ್ನು ಪಡೆದು ಹೀಗೆ ಹಂಚಿದರೆ ಅವನು ಅಮಾನತ್ ಪೂರೈಸಿದ. ಇಟ್ಟುಕೊಂಡರೆ ಅತ್ತಿಗೆಯ, ತಾಯಿಯ, ಯತೀಮ ಮಕ್ಕಳ ಹಕ್ಕನ್ನು ತಿಂದ.

ಆದ್ದರಿಂದ ಇಂದೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಪ್ರತಿಯೊಂದು ಖಾತೆಯ ನಾಮಿನಿ ಯಾರೆಂದು ನೋಡಿ. ಬ್ಯಾಂಕಿನ ಆಪ್‌ನಲ್ಲೇ ಸಾಮಾನ್ಯವಾಗಿ ಕಾಣುತ್ತದೆ. ಬ್ಯಾಂಕಿಂಗ್ ಕಾನೂನುಗಳ 2025ರ ತಿದ್ದುಪಡಿಯ ಪ್ರಕಾರ ಆ ವರ್ಷದ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಇಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಪಾಲುಗಳು ಮರಣದ ದಿನ ಯಾರು ಬದುಕಿದ್ದಾರೆ ಎಂಬುದರ ಮೇಲೆ ನಿಲ್ಲುವುದರಿಂದ ಈ ಶೇಕಡಾ ಶರೀಅತ್‌ನ ಹಂಚಿಕೆಗೆ ಬದಲಿಯಾಗದು. ಆದರೂ ಒಬ್ಬನ ಕೈಗೇ ಎಲ್ಲವೂ ಹೋಗುವುದು ತಪ್ಪುತ್ತದೆ.

ನಾಮಿನಿಯೇ ಇಲ್ಲದಿದ್ದರೆ ದಾರಿ ಉದ್ದ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರೀಸುದಾರರ ಸಹಿ ಬೇಕು. ಮೊತ್ತ ದೊಡ್ಡದಾಗಿದ್ದರೆ ಅಥವಾ ತಕರಾರಿದ್ದರೆ ಸಿವಿಲ್ ನ್ಯಾಯಾಲಯದಿಂದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು. ಮುಸ್ಲಿಮರಿಗೆ ಪಾಲುಗಳು 1937ರ ಶರೀಅತ್ ಕಾಯ್ದೆಯ ಪ್ರಕಾರವೇ ನಿರ್ಧಾರವಾಗುತ್ತವೆ, ಆದರೆ ಬ್ಯಾಂಕ್ ಬಾಕಿ, ಷೇರು ಮುಂತಾದವನ್ನು ವಸೂಲು ಮಾಡಲು ಈ ಪ್ರಮಾಣಪತ್ರದ ದಾರಿ ನಮಗೂ ತೆರೆದಿದೆ. ಸಮಯ, ಕೋರ್ಟ್ ಶುಲ್ಕ, ವಕೀಲರ ಖರ್ಚು ಎಲ್ಲವೂ ಬೀಳುತ್ತದೆ. ಖಾತೆ ಇದೆಯೆಂದೇ ಯಾರಿಗೂ ಗೊತ್ತಿಲ್ಲದಿದ್ದರೆ ಹತ್ತು ವರ್ಷ ಕೇಳುವವರಿಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದು ಮುಳುಗಿತು ಎಂದಲ್ಲ. 2023ರಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ಉದ್ಗಮ್ ಎಂಬ ಜಾಲತಾಣದಲ್ಲಿ ಮೃತರ ಹೆಸರು ಹಾಕಿ ಹಲವು ಬ್ಯಾಂಕುಗಳಲ್ಲಿ ಒಟ್ಟಿಗೆ ಹುಡುಕಬಹುದು. ವಾರೀಸುದಾರರು ಬಳಿಕ ಆಯಾ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ನಿಮ್ಮ ಅಜ್ಜನ ಹೆಸರನ್ನೂ ಒಮ್ಮೆ ಹಾಕಿ ನೋಡಿ.

ಫೋನಿನೊಳಗೆ ಏನೇನಿದೆ

ಡಿಜಿಟಲ್ ಸೊತ್ತು ಎಂದ ಕೂಡಲೇ ಜನ ಬಿಟ್‌ಕಾಯಿನ್ ಎಂದುಕೊಳ್ಳುತ್ತಾರೆ. ಅದನ್ನು ಇಟ್ಟುಕೊಂಡವರು ನಮ್ಮಲ್ಲಿ ಕೆಲವರಿರಬಹುದು. ಅದು ಸರಿಯೋ ಅಲ್ಲವೋ ಎಂಬ ಬಗ್ಗೆ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ಇಲ್ಲಿಗೆ ಬೇಡ. ಇಷ್ಟು ಮಾತ್ರ ತಿಳಿದಿರಲಿ: ಅದರ ರಹಸ್ಯ ಕೀಲಿ ಸ್ವಂತ ವಾಲೆಟ್‌ನಲ್ಲಿದ್ದು ಕಳೆದುಹೋದರೆ ಯಾವ ನ್ಯಾಯಾಲಯವೂ ಅದನ್ನು ತೆರೆಸಿಕೊಡಲಾರದು.

ಹೆಚ್ಚಿನ ಮನೆಗಳ ವಿಷಯ ಬೇರೆ. ಆಪ್‌ನಲ್ಲಿ ಕಟ್ಟುವ ಮ್ಯೂಚುವಲ್ ಫಂಡ್, ಆಪ್‌ನಿಂದ ಪಡೆದ ಸಾಲ, ಅಂಗಡಿಯ ಕ್ಯೂಆರ್ ಕೋಡ್, ವಾಟ್ಸ್ಯಾಪ್‌ನಲ್ಲಿ ನಡೆಸುವ ಬಟ್ಟೆ ವ್ಯಾಪಾರ, ಇಮೇಲ್‌ಗೆ ಮಾತ್ರ ಬರುವ ವಿಮಾ ಪಾಲಿಸಿ, ಮಕ್ಕಳ ಫೋಟೋಗಳು. ಒಬ್ಬ ತರುಣನ ಯೂಟ್ಯೂಬ್ ಚಾನೆಲ್‌ಗೆ ತಿಂಗಳಿಗೆ ಹಣ ಬರುತ್ತಿದ್ದರೆ ಅದೂ ಸೊತ್ತೇ. ಕೈಯಿಂದ ಮುಟ್ಟಲಾಗದ ಹಕ್ಕುಗಳು ಸೊತ್ತು ಹೌದೇ ಎಂಬ ಪ್ರಶ್ನೆಗೆ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರ ಕುವೈತ್ ಅಧಿವೇಶನದಲ್ಲೇ ಉತ್ತರ ಕೊಟ್ಟಿದೆ: ವ್ಯಾಪಾರದ ಹೆಸರು, ಲೇಖಕನ ಹಕ್ಕು, ಆವಿಷ್ಕಾರದ ಹಕ್ಕು ಇವೆಲ್ಲ ಶರೀಅತ್ ಮಾನ್ಯ ಮಾಡುವ ಆರ್ಥಿಕ ಮೌಲ್ಯದ ಹಕ್ಕುಗಳು, ಅವುಗಳನ್ನು ಅತಿಕ್ರಮಿಸುವಂತಿಲ್ಲ. ಹಾಗಾಗಿ ಇವೂ ಸೂರಾ ಅನ್ನಿಸಾದ ಪ್ರಕಾರವೇ ಹಂಚಿಕೆಯಾಗಬೇಕು.

ಭಾರತದಲ್ಲಿ ಮೃತರ ಡಿಜಿಟಲ್ ಖಾತೆಗಳಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಕಲಮು, ತನ್ನ ಮರಣದ ಅಥವಾ ಅಶಕ್ತತೆಯ ಸಂದರ್ಭದಲ್ಲಿ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ಹೆಸರಿಸಲು ಅವಕಾಶ ಕೊಟ್ಟಿದೆ. ಈ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುವಂಥದ್ದು. ಅದನ್ನು ಕಾಯದೆ ಈಗಲೇ ಮಾಡಬಹುದಾದ ಏರ್ಪಾಡುಗಳು ಫೋನಿನಲ್ಲೇ ಇವೆ.

ಆಂಡ್ರಾಯ್ಡ್ ಫೋನ್ ಇದ್ದವರೆಲ್ಲರಿಗೂ ಗೂಗಲ್ ಖಾತೆ ಇರುತ್ತದೆ. ಅದರ ಸೆಟ್ಟಿಂಗ್‌ನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂದು ಹುಡುಕಿ. 3, 6, 12 ಅಥವಾ 18 ತಿಂಗಳು ಖಾತೆಯನ್ನು ಯಾರೂ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ನೀವೇ ನಿಗದಿ ಮಾಡಬಹುದು. ಹತ್ತು ಮಂದಿಯವರೆಗೆ ಹೆಸರಿಸಬಹುದು. ಫೋಟೋ ಮಾತ್ರ ಸಾಕು, ಇಮೇಲ್ ಬೇಡ ಎಂದೂ ಆರಿಸಬಹುದು. ಏನೂ ಮಾಡದಿದ್ದರೆ ಎರಡು ವರ್ಷ ಬಳಕೆಯಿಲ್ಲದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, ಉಮ್ಮನ ಫೋಟೋಗಳೂ ಅದರೊಂದಿಗೆ ಹೋದಾವು. ಐಫೋನಿನಲ್ಲಿ ಇದಕ್ಕೆ 'ಲೆಗಸಿ ಕಾಂಟ್ಯಾಕ್ಟ್' ಎನ್ನುತ್ತಾರೆ. ಐವರನ್ನು ಹೆಸರಿಸಬಹುದು. ಫೋನ್ ಕೊಡುವ ಒಂದು ಕೀಲಿ ಸಂಖ್ಯೆಯ ಜೊತೆ ಮರಣ ಪ್ರಮಾಣಪತ್ರ ಕಳುಹಿಸಿದರೆ ಅವರಿಗೆ ಮೂರು ವರ್ಷ ಪ್ರವೇಶ ಸಿಗುತ್ತದೆ, ಆದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಫೇಸ್‌ಬುಕ್‌ನಲ್ಲೂ ಅದೇ ಹೆಸರಿನ ಏರ್ಪಾಡಿದೆ. ಹೆಸರಿಸಿದವರು ಪುಟವನ್ನು ನೋಡಿಕೊಳ್ಳಬಹುದು, ಮೃತರ ಸಂದೇಶಗಳನ್ನು ಓದಲಾಗದು. ವಾಟ್ಸ್ಯಾಪ್‌ನಲ್ಲಿ ಹೀಗೆ ಯಾರಿಗೂ ವಹಿಸಿಕೊಡುವಂತಿಲ್ಲ, 120 ದಿನ ಬಳಕೆಯಿಲ್ಲದಿದ್ದರೆ ಸಾಮಾನ್ಯವಾಗಿ ಖಾತೆಯೇ ಅಳಿದುಹೋಗುತ್ತದೆ. ಸಾಲದ ಲೆಕ್ಕವನ್ನು ವಾಟ್ಸ್ಯಾಪ್‌ನಲ್ಲಿ ಮಾತ್ರ ಇಡಬೇಡಿ ಎನ್ನುವುದು ಅದಕ್ಕಾಗಿಯೇ. ಸಾಲವನ್ನು ಬರೆದಿಡಿರೆಂದು ಹೇಳುವ ಅಲ್‌ಬಕರಾದ 282ನೆಯ ಸೂಕ್ತ ಇಡೀ ಕುರ್‌ಆನ್‌ನಲ್ಲೇ ಅತಿ ಉದ್ದವಾದದ್ದು. ಅಷ್ಟು ವಿವರವಾಗಿ ಹೇಳಿದ ಮಾತನ್ನು ನಾವು ಅಷ್ಟೇ ಹಗುರವಾಗಿ ತೆಗೆದುಕೊಂಡಿದ್ದೇವೆ.

ಸಿಮ್ ಕಾರ್ಡನ್ನು ಕೂಡಲೇ ಬಂದ್ ಮಾಡಿಸಬೇಡಿ. ಇಮೇಲ್, ಸಾಲದ ಆಪ್, ವಿಮೆ ಎಲ್ಲದರ ಮಾಹಿತಿ ಆ ನಂಬರಿಗೇ ಬರುತ್ತದೆ. ರೀಚಾರ್ಜ್ ಇಲ್ಲದೆ ಬಿಟ್ಟರೆ ಸ್ವಲ್ಪ ಕಾಲದ ಬಳಿಕ ಆ ನಂಬರ್ ಬೇರೊಬ್ಬರ ಪಾಲಾಗುತ್ತದೆ. ಲೆಕ್ಕಗಳೆಲ್ಲ ಮುಗಿಯುವವರೆಗೆ ಜೀವಂತ ಇಟ್ಟು, ಬಳಿಕ ಕಂಪೆನಿಗೆ ತಿಳಿಸಿ ಮುಚ್ಚಿಸಿ. ಗಲ್ಫ್‌ನಲ್ಲಿರುವ ನಮ್ಮ ಸಹೋದರರ ಮನೆಯವರಿಗೆ ಈ ತೊಂದರೆ ಇಮ್ಮಡಿ. ಒಟಿಪಿ ಬರುವುದು ಅಲ್ಲಿನ ಸಿಮ್‌ಗೆ, ಸಿಮ್ ಇರುವುದು ರೂಮ್‌ಮೇಟ್‌ನ ಕೈಯಲ್ಲಿ. ಮರಣದ ಸುದ್ದಿ ತಲುಪಿದೊಡನೆ ಅಲ್ಲಿನ ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತದೆ. ಅಲ್ಲಿನ ನ್ಯಾಯಾಲಯ ವಾರೀಸುದಾರರನ್ನು ಗುರುತಿಸಿ ಆದೇಶ ಕೊಡಬೇಕಾಗುತ್ತದೆ. ಅದಕ್ಕೆ ಊರಿನಿಂದ ದೃಢೀಕರಿಸಿದ ದಾಖಲೆಗಳು ಹೋಗಬೇಕು. ಭಟ್ಕಳವಾಗಲಿ, ಮಂಗಳೂರಾಗಲಿ, ಊರಿಗೆ ರಜೆಯಲ್ಲಿ ಬಂದಾಗ ಬ್ಯಾಂಕಿನ ಹೆಸರು, ಕಂಪೆನಿಯಿಂದ ಬರಬೇಕಾದ ಸೇವಾಂತ್ಯದ ಮೊತ್ತ, ಅಲ್ಲಿ ಕೊಟ್ಟ ಮತ್ತು ಪಡೆದ ಕೈಸಾಲ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಟ್ಟು ಹೋದರೆ ಒಂಟಿ ಹೆಣ್ಣೊಬ್ಬಳ ಎಷ್ಟೋ ಅಲೆದಾಟ ತಪ್ಪುತ್ತದೆ.

ಬರೆಯಬೇಕಾದದ್ದು ಎರಡು ಬೇರೆ ಕಾಗದ

ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿರುವುದಾಗಿ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇದನ್ನು ವರದಿ ಮಾಡಿದ ಇಬ್ನು ಉಮರ್(ರ) ಆ ಮಾತು ಕೇಳಿದಂದಿನಿಂದ ತಮ್ಮ ವಸಿಯ್ಯತ್ ಬಳಿಯಿಲ್ಲದೆ ಒಂದು ರಾತ್ರಿಯನ್ನೂ ಕಳೆಯಲಿಲ್ಲ.

ವಸಿಯ್ಯತ್‌ಗೆ ಮಿತಿಗಳಿವೆ. ಸಾಲ ಕಳೆದು ಉಳಿದ ಸೊತ್ತಿನ ಮೂರನೇ ಒಂದಂಶ ಮೀರುವಂತಿಲ್ಲ. ಅದೂ ಹೆಚ್ಚೇ ಎಂದು ಪ್ರವಾದಿವರ್ಯರು(ಸ) ಸಅದ್ ಬಿನ್ ಅಬೀ ವಕ್ಕಾಸ್‌ರಿಗೆ(ರ) ಹೇಳಿದ್ದರು. ಪಾಲು ಸಿಗುವ ವಾರೀಸುದಾರನಿಗೆ ವಸಿಯ್ಯತ್ ಇಲ್ಲ, ಉಳಿದ ವಾರೀಸುದಾರರು ಒಪ್ಪಿದರೆ ಬೇರೆ ಮಾತು. "ಯೂಟ್ಯೂಬ್ ಚಾನೆಲ್ ದೊಡ್ಡ ಮಗನಿಗೆ" ಎಂದು ಬರೆದರೆ ಅದು ಇತರರನ್ನು ಕಟ್ಟಿಹಾಕದು. ಆದರೆ ಮೊದಲೇ ತೀರಿಕೊಂಡ ಮಗನ ಮಕ್ಕಳಿದ್ದು, ಬೇರೆ ಗಂಡುಮಕ್ಕಳು ಬದುಕಿದ್ದರೆ ಆ ಮೊಮ್ಮಕ್ಕಳಿಗೆ ಪಾಲು ಬರುವುದಿಲ್ಲ. ಅಂಥವರಿಗೆ ವಸಿಯ್ಯತ್ ಬರೆಯುವುದು ಬಹಳ ಅಗತ್ಯ. ಮಸೀದಿಗೆ, ಮದ್ರಸಕ್ಕೆ, ಬಡ ಬಂಧುವಿಗೂ ಬರೆಯಬಹುದು.

ನಮ್ಮ ಕಾನೂನಿನಲ್ಲಿ ಮುಸ್ಲಿಮನ ವಸಿಯ್ಯತ್ ಬಾಯಿಮಾತಿನದ್ದೂ ಸಿಂಧುವಾಗುತ್ತದೆ. ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ವಾಟ್ಸ್ಯಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ ಸುಮ್ಮನಾಗಬೇಡಿ. ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟ ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾಗದದಲ್ಲಿ ಬರೆದು, ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ. ವಸಿಯ್ಯತ್‌ನ ವೇಳೆ ಇಬ್ಬರು ಸಾಕ್ಷಿಗಳಿರಲಿ ಎಂಬುದು ಸೂರಾ ಅಲ್‌ಮಾಇದದಲ್ಲೂ ಬಂದಿದೆ.

ಈ ಕಾಗದದಲ್ಲಿ ಬರೆಯಲೇಬೇಕಾದ ಒಂದು ಹೆಸರು 'ವಸೀ'ಯದ್ದು, ಅಂದರೆ ನಿಮ್ಮ ನಂತರ ಇದೆಲ್ಲವನ್ನು ನಡೆಸುವವರದ್ದು. ಚಿಕ್ಕ ಮಕ್ಕಳಿರುವ ತಂದೆಯಂದಿರು ಇದನ್ನು ಗಮನವಿಟ್ಟು ಓದಬೇಕು. ಭಾರತದಲ್ಲಿ ಅನುಸರಿಸುವ ಮುಸ್ಲಿಮ್ ಕಾನೂನಿನಲ್ಲಿ ಅಪ್ರಾಪ್ತ ಮಕ್ಕಳ ಸೊತ್ತಿಗೆ ತಾಯಿ ತಾನಾಗಿಯೇ ಪೋಷಕಿಯಾಗುವುದಿಲ್ಲ. ತಂದೆ, ತಂದೆ ನೇಮಿಸಿದ ವಸೀ, ತಂದೆಯ ತಂದೆ, ಅವರು ನೇಮಿಸಿದ ವಸೀ, ಇದು ಕ್ರಮ. ಯಾರೂ ಇಲ್ಲದಿದ್ದರೆ ತಾಯಿ ನ್ಯಾಯಾಲಯಕ್ಕೆ ಹೋಗಿ ನೇಮಕ ಪಡೆಯಬೇಕು. ಆದರೆ ತಂದೆ ತನ್ನ ವಸಿಯ್ಯತ್‌ನಲ್ಲಿ ಹೆಂಡತಿಯನ್ನೇ ವಸೀ ಎಂದು ನೇಮಿಸಬಹುದು. ಒಂದು ಸಾಲು ಬರೆದರೆ ಸಾಕು. ನಮ್ಮಲ್ಲಿ ಎಷ್ಟು ಜನ ಆ ಸಾಲು ಬರೆದಿದ್ದೇವೆ?

ಎರಡನೆಯ ಕಾಗದ ಬರೀ ಪಟ್ಟಿ. ಯಾವ ಬ್ಯಾಂಕ್, ಯಾವ ಶಾಖೆ, ಯಾವ ವಿಮೆ, ಯಾವ ಆಪ್, ಯಾವ ಇಮೇಲ್, ಯಾವ ನಂಬರ್. ಕೊಡಬೇಕಾದ ಸಾಲ, ಬರಬೇಕಾದ ಸಾಲ. ಹೆಂಡತಿಗೆ ಕೊಡಲು ಬಾಕಿಯಿರುವ ಮಹರ್ ಕೂಡ ಸಾಲವೇ, ಅದು ಮೊದಲ ಸಾಲಿನಲ್ಲೇ ಬರಲಿ. ಕೊಡದೆ ಉಳಿದ ಝಕಾತ್, ಬಿಟ್ಟುಹೋದ ಉಪವಾಸದ ಫಿದ್ಯಾ ಬರೆಯಿರಿ. ನಿಮ್ಮ ಬಳಿಯಿರುವ ಇತರರ ಅಮಾನತ್ ಬರೆಯಿರಿ. ಪಿನ್, ಪಾಸ್‌ವರ್ಡ್‌ಗಳನ್ನು ಇದರಲ್ಲೂ ವಸಿಯ್ಯತ್‌ನಲ್ಲೂ ಹಾಕಬೇಡಿ. ವಸಿಯ್ಯತ್ ಹತ್ತು ಕೈ ದಾಟುವ ಕಾಗದ. ಬ್ಯಾಂಕಿನ ಹಣ ಪಡೆಯಲು ವಾರೀಸುದಾರರಿಗೆ ಪಿನ್ ಬೇಕಾಗಿಲ್ಲ, ಖಾತೆ ಎಲ್ಲಿದೆಯೆಂದು ಗೊತ್ತಾದರೆ ಸಾಕು. ಫೋನ್ ತೆರೆಯುವ ಸಂಖ್ಯೆಯನ್ನು ಮಾತ್ರ ಪ್ರತ್ಯೇಕ ಲಕೋಟೆಯಲ್ಲಿ ಅಂಟಿಸಿ ವಸೀಗೆ ಕೊಡಿ, ಅಥವಾ ಎಲ್ಲಿಟ್ಟಿದ್ದೀರೆಂದು ಅವರಿಗೆ ತಿಳಿಸಿ.

ಸಾಲಿಗನ ಜನಾಝಾ ತಂದಾಗ ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ ನಿಂತದ್ದು, ಅಬೂ ಕತಾದ(ರ) ಆ ಸಾಲವನ್ನು ತಾನು ವಹಿಸಿಕೊಳ್ಳುತ್ತೇನೆ ಎಂದ ಬಳಿಕವೇ ಮುಂದೆ ಬಂದದ್ದು ನಮಗೆಲ್ಲ ಗೊತ್ತಿರುವ ಘಟನೆ. ನಮ್ಮ ಜನಾಝಾದಲ್ಲೂ "ಇವರಿಂದ ಬರಬೇಕಾದದ್ದಿದ್ದರೆ ತಿಳಿಸಿ" ಎಂದು ಮನೆಯವರು ಕೇಳುತ್ತಾರೆ. ಆಪ್‌ನ ಸಾಲಕೊಟ್ಟವನು ಆ ಸಫ್‌ನಲ್ಲಿ ನಿಂತಿರುವುದಿಲ್ಲ.

ತೆರೆದವರ ಹೊಣೆ

ಇನ್ನೊಂದು ಸೂಕ್ಷ್ಮ ವಿಷಯ. ಫೋನ್ ತೆರೆದುಕೊಂಡಿತು ಎಂದಿಟ್ಟುಕೊಳ್ಳಿ. ಸಾಲದ ಲೆಕ್ಕ ಹುಡುಕುತ್ತ ಹೋದವರಿಗೆ ಮೃತರ ಖಾಸಗಿ ಮಾತುಗಳು, ಸ್ನೇಹಿತೆಯೊಬ್ಬಳು ತನ್ನ ಮನೆಯ ಕಷ್ಟ ಹೇಳಿಕೊಂಡದ್ದು, ಒಂದು ಹಳೆಯ ತಪ್ಪು ಕಾಣಿಸಬಹುದು. ಮಯ್ಯಿತ್‌ಗೆ ಸ್ನಾನ ಮಾಡಿಸುವವರು ದೇಹದಲ್ಲಿ ಕಂಡ ಕುಂದನ್ನು ಹೊರಗೆ ಹೇಳಬಾರದೆಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಮೃತರ ಫೋನ್ ತೆರೆಯುವವರಿಗೂ ಅದೇ ಅದಬ್ ಅನ್ವಯಿಸುತ್ತದೆ. ಗೂಢಚಾರಿಕೆಯನ್ನು ಸೂರಾ ಅಲ್‌ಹುಜುರಾತ್ ನಿಷೇಧಿಸಿದೆ. ಹಕ್ಕುಗಳನ್ನು ಹುಡುಕುವಷ್ಟಕ್ಕೆ ನೋಡಬೇಕು, ಅದಕ್ಕೆ ಮೀರಿದ್ದನ್ನು ಮುಚ್ಚಬೇಕು. ಹೆಣ್ಣುಮಗಳ ಫೋನ್ ಆಗಿದ್ದರೆ ಮನೆಯ ಹೆಣ್ಣೊಬ್ಬರೇ ನೋಡಲಿ. ಅದರಲ್ಲಿರುವ ಫೋಟೋಗಳು ಪರ್ದಾ ಇಲ್ಲದವಾಗಿರಬಹುದು. ನಾನು ಸತ್ತ ಮೇಲೆ ಇಂತಿಂಥದ್ದನ್ನು ತೆರೆಯದೆ ಅಳಿಸಿ ಎಂದು ಬರೆದಿಡುವುದೂ ಸರಿಯೇ, ಇತರರ ಹಕ್ಕಿನ ದಾಖಲೆ ಅದರಲ್ಲಿಲ್ಲದಿದ್ದರೆ.

ಮೊದಲು ಹೇಳಿದ ಆ ಖಜಾಂಚಿಯ ಮನೆಯ ವಿಷಯಕ್ಕೆ ಬರುತ್ತೇನೆ. ಫೋನ್ ತೆರೆಯಲೇ ಇಲ್ಲ. ವಾರೀಸುದಾರರು ಬ್ಯಾಂಕಿಗೆ ಅರ್ಜಿ ಕೊಟ್ಟು ಖಾತೆಯ ವಿವರ ತೆಗೆಸಿದರು. ಹಣ ಹಾಕಿದವರ ಹೆಸರುಗಳನ್ನು ನೋಡಿ ಜಮಾಅತ್‌ನ ಇಬ್ಬರು ಒಬ್ಬೊಬ್ಬರನ್ನೇ ಕೇಳುತ್ತ ಹೋದರು: ನೀವು ಹಾಕಿದ 2,000 ಯಾವುದಕ್ಕೆ? ಕೆಲವರಿಗೆ ನೆನಪಿರಲಿಲ್ಲ. ಇದೆಲ್ಲ ಮುಗಿಯಲು ಐದು ತಿಂಗಳು ಹಿಡಿಯಿತು. ಅಷ್ಟರವರೆಗೆ ಅವರ ಪತ್ನಿ ಆ ಖಾತೆಯ ಒಂದು ರೂಪಾಯಿಯನ್ನೂ ಕೇಳಲಿಲ್ಲ, ಸಹೋದರನ ಮನೆಯಿಂದ ಅಕ್ಕಿ ತರಿಸಿಕೊಂಡರು. ಸಂಶಯ ಉಳಿದ ಮೊತ್ತವನ್ನು ವಾರೀಸುದಾರರೆಲ್ಲರೂ ಒಪ್ಪಿ ಮಸೀದಿಗೆ ಬಿಟ್ಟುಕೊಟ್ಟರು. ಹುಡುಗಿಯ ಮದುವೆ ಎರಡು ತಿಂಗಳು ಮುಂದಕ್ಕೆ ಹೋಗಿ ನಡೆಯಿತು.

ಆ ಜಮಾಅತ್ ಈಗ ಮಸೀದಿಯ ಹೆಸರಿನಲ್ಲೇ ಖಾತೆ ತೆರೆದು, ಇಬ್ಬರ ಸಹಿಯಿಲ್ಲದೆ ಹಣ ಹೊರಹೋಗದಂತೆ ಮಾಡಿದೆ. ಬಾಗಿಲಿನ ಕ್ಯೂಆರ್ ಕೋಡ್ ಬದಲಾಗಿದೆ. ನಿಮ್ಮ ಮಸೀದಿಯ, ಮದ್ರಸದ, ಯುವಕ ಸಂಘದ ಹಣ ಯಾರ ನಂಬರಿಗೆ ಬರುತ್ತಿದೆ ಎಂದು ಈ ಶುಕ್ರವಾರ ಕೇಳಿ. ಕೇಳುವುದು ಖಜಾಂಚಿಯ ಮೇಲಿನ ಅಪನಂಬಿಕೆಯಲ್ಲ. ಅವರ ಮನೆಯವರ ಮೇಲೆ ನಾಳೆ ಬೀಳಬಹುದಾದ ಭಾರವನ್ನು ಇಂದೇ ಇಳಿಸುವುದು.

ಪಟ್ಟಿಯನ್ನು ಒಮ್ಮೆ ಬರೆದು ಮರೆತುಬಿಟ್ಟರೆ ಅದು ಹಳೆಯದಾಗುತ್ತದೆ. ಬ್ಯಾಂಕ್ ಬದಲಾಗುತ್ತದೆ, ಆಪ್ ಬದಲಾಗುತ್ತದೆ, ಸಾಲ ತೀರುತ್ತದೆ. ವರ್ಷಕ್ಕೊಮ್ಮೆ ಝಕಾತ್ ಲೆಕ್ಕ ಹಾಕಲು ಎಲ್ಲ ಖಾತೆಗಳನ್ನೂ ತೆರೆದು ಕೂರುವ ದಿನವೊಂದು ನಮಗೆ ಇದ್ದೇ ಇದೆ. ಅದೇ ದಿನ, ಅದೇ ಮೇಜಿನ ಮೇಲೆ, ಹೆಂಡತಿಯನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಆ ಪಟ್ಟಿಯನ್ನು ತಿದ್ದಿ, ಮೇಲೆ ದಿನಾಂಕ ಬರೆಯಿರಿ. ಹಳೆಯ ಪ್ರತಿಯನ್ನು ಹರಿದುಹಾಕಿ.